ಪದಾತಿಯನ್ನು ಫಿರಂಗಿ ತಂಡವಾಗಿಸುವ ಬಗೆ

ಪ್ಲಾಸ್ಟಿಕ್ ಸೈನಿಕರ ಪೊಟ್ಟಣ ಬಿಚ್ಚಿದರೆ ಬಂದೂಕು ಹಿಡಿದವರೇ ತುಂಬಿರುತ್ತಾರೆ. ಫಿರಂಗಿಯ ಬಳಿ ನಿಲ್ಲಿಸಲು ಒಬ್ಬನೂ ಸಿಗುವುದಿಲ್ಲ. ಮೇಜಿನ ಮೇಲೆ ನಾನು ಹೆಚ್ಚಾಗಿ ಆಡುವುದು ಎರಡನೇ ಮಹಾಯುದ್ಧದಲ್ಲಿ ಈಜಿಪ್ಟಿನಲ್ಲಿ ನಡೆದ 1942ರ ಎಲ್ ಅಲಮೈನ್ ಕದನವನ್ನು. ಅಕ್ಟೋಬರ್ 23ರ ರಾತ್ರಿ ಆ ಕದನ ಶುರುವಾದದ್ದೇ ಬ್ರಿಟಿಷ್ ಫಿರಂಗಿಗಳ ಸುರಿಮಳೆಯಿಂದ. ಹಾಗಿರುವಾಗ ಬ್ರಿಟಿಷರ 25 ಪೌಂಡರ್ ಫಿರಂಗಿಯೊಂದು ಆಳಿಲ್ಲದೆ ಒಂಟಿಯಾಗಿ ನಿಂತಿರುವುದನ್ನು ನನ್ನಿಂದ ನೋಡಲಾಗದು. 1/72 ಅಳತೆಯ, ಅಂದರೆ ನಿಜ ಗಾತ್ರದ 72ರಲ್ಲೊಂದು ಪಾಲಿನ, ಬ್ರಿಟಿಷರ ಎಂಟನೇ ಸೇನೆಯ ಪದಾತಿಗಳನ್ನೇ ಗೋಲಂದಾಜರನ್ನಾಗಿ, ಅಂದರೆ ಫಿರಂಗಿ ನಡೆಸುವವರನ್ನಾಗಿ, ಮಾಡಿಕೊಳ್ಳುವುದು ಹೇಗೆಂದು ಇಲ್ಲಿ ಹೇಳುತ್ತೇನೆ.

ಮೊದಲು ಗಮನಿಸಬೇಕಾದದ್ದು ಕಣ್ಣಿನ ದಿಕ್ಕು. ಪದಾತಿ ಶತ್ರುವಿನತ್ತ ನೋಡುತ್ತಾನೆ, ಗೋಲಂದಾಜ ತನ್ನ ಫಿರಂಗಿಯನ್ನು ನೋಡುತ್ತಾನೆ. ಬಂದೂಕು ಕತ್ತರಿಸಿ ಕೈಗೆ ಷೆಲ್ (ಫಿರಂಗಿಯ ಗುಂಡು) ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಲೆ ತಿರುಗದಿದ್ದರೆ ಅವನು ದಾರಿ ತಪ್ಪಿ ಬಂದ ಪದಾತಿಯಂತೆಯೇ ಕಾಣುತ್ತಾನೆ. ಆದ್ದರಿಂದ ಬ್ಲೇಡ್ ಹಿಡಿಯುವ ಮೊದಲು ಫಿರಂಗಿಯನ್ನು ಮೇಜಿನ ಮೇಲಿಟ್ಟು, ಗೊಂಬೆಗಳನ್ನು ಅದರ ಸುತ್ತ ನಿಲ್ಲಿಸಿ, ಯಾರ ಮುಖ ಎತ್ತ ಹೊರಳಬೇಕೆಂದು ನೋಡಿಕೊಳ್ಳಿ.

25 ಪೌಂಡರಿನ ತಂಡದಲ್ಲಿ ಆರು ಜನ. ಗುಂಡೆಸೆಯಲು ಕೈಯೆತ್ತಿ ನಿಂತ ಗೊಂಬೆಯ ಮುಷ್ಟಿಯಿಂದ ಗ್ರೆನೇಡ್ ಕೆತ್ತಿ ತೆಗೆದರೆ ಅಪ್ಪಣೆ ಕೊಡುವ ಸಾರ್ಜೆಂಟ್, ಅಂದರೆ ತಂಡದ ಒಂದನೆಯವನು, ಸಿದ್ಧ. ಬಯೊನೆಟ್ ಚುಚ್ಚಲು ಮುಂದಕ್ಕೆ ವಾಲಿದವನು ಎರಡನೆಯವನಾಗಲಿ: ಬಲಬದಿಯಲ್ಲಿ ನಿಂತು ಬ್ರೀಚ್, ಅಂದರೆ ಕೊಳವೆಯ ಹಿಂಬದಿಯ ಬಾಗಿಲು, ತೆರೆದು, ಷೆಲ್ಲನ್ನು ಒಳಕ್ಕೆ ದೂಡುವುದು ಅವನ ಕೆಲಸ. ಬಂದೂಕಿನ ಜಾಗಕ್ಕೆ ತುಂಡು ತಂತಿಯ ದೂಡುಗೋಲು ಕೊಟ್ಟರೆ ಸಾಕು. ಮಂಡಿಯೂರಿ ಗುರಿಯಿಟ್ಟವನು ಎಡಬದಿಯ ಮೂರನೆಯವನು; ಕೆನ್ನೆ ವಾಲಿಸಿದ ಅವನ ತಲೆ ಗುರಿದರ್ಶಕದೊಳಗೆ ಇಣುಕುವಂತೆ ತಾನಾಗಿ ಹೊಂದುತ್ತದೆ. ಎದೆಗೆ ಅಡ್ಡಲಾಗಿ ಬಂದೂಕು ಹಿಡಿದು ನಡೆಯುವವರು ಉಳಿದ ಮೂವರು, ಮದ್ದುಗುಂಡು ತರುವವರು. ತೆವಳುವ ಗೊಂಬೆಗಳು ನಮಗೆ ಬೇಡ.

ಇವು ಮೆದು ಪಾಲಿಥೀನ್ ಗೊಂಬೆಗಳು. ಉಜ್ಜುಕಾಗದ ಹಾಕಿದರೆ ನಯವಾಗುವ ಬದಲು ನಾರು ಏಳುತ್ತದೆ. ಹೊಸ ಬ್ಲೇಡಿನಿಂದ ತೆಳುವಾಗಿ ಸವರಿ ತೆಗೆಯುವುದೊಂದೇ ದಾರಿ. ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ತಾನೊಂದೇ ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಕತ್ತು ಕತ್ತರಿಸಿದ ಮೇಲೆ ಎರಡೂ ಕಡೆ ಸಣ್ಣ ತೂತು ಕೊರೆದು, ತಲೆ ಮುರಿದ ಗುಂಡುಸೂಜಿಯ ತುಂಡನ್ನು ತೂರಿಸಿ, ತಲೆಯನ್ನು ಬೇಕಾದತ್ತ ತಿರುಗಿಸಿ, ಆಮೇಲೆ ಸೂಪರ್ ಗ್ಲೂ ಮುಟ್ಟಿಸಿ. ಸಂದು ಉಳಿದರೆ ಎಂ-ಸೀಲ್ ತುಂಬಿ. ಅದನ್ನೇ ತೆಳ್ಳಗೆ ಸುತ್ತಿದರೆ ಕತ್ತಿನ ವಸ್ತ್ರವೂ ಆಗುತ್ತದೆ.

ನನಗೆ ಅತಿ ಪ್ರಿಯವಾದ ಕೆಲಸ ಷೆಲ್ ಹೊತ್ತವನದು. ನಿಜವಾದ ಷೆಲ್ಲಿನ ತೂಕ 25 ಪೌಂಡ್, ಅಂದರೆ ಹನ್ನೊಂದು ಕಿಲೋ ದಾಟುತ್ತದೆ. ಆ ಭಾರ ಮೈಯಲ್ಲಿ ಕಾಣಬೇಕು. ತುಂಬಿದ ಕೊಡ ಎತ್ತಿಕೊಂಡವರ ಹಾಗೆ ಸೊಂಟ ತುಸು ಹಿಂದಕ್ಕೆ ವಾಲಬೇಕು, ಮೊಣಕೈ ಪಕ್ಕೆಗೆ ಒತ್ತಿರಬೇಕು. ಗೊಂಬೆಯನ್ನು ಚಿಮುಟದಲ್ಲಿ ಹಿಡಿದು, ಒಲೆಯಿಂದ ಆಗಷ್ಟೇ ಇಳಿಸಿದ ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬೇಕಾದಂತೆ ಬಾಗಿಸಿ, ಹಿಡಿದ ಹಿಡಿತದಲ್ಲೇ ತಣ್ಣೀರಿಗೆ ಇಳಿಸಿ. ಪಾಲಿಥೀನ್ ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ. ಅದಕ್ಕಾಗಿ ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಬಾಗಿಸಿ. ಷೆಲ್ ಹಾಯುವ ಫಿರಂಗಿ ಕೊಳವೆಯ ಒಳವ್ಯಾಸ 87.6 ಮಿಲಿಮೀಟರ್; 1/72ರಲ್ಲಿ ಅದು 1.2 ಮಿಲಿಮೀಟರಿಗೆ ಇಳಿಯುತ್ತದೆ. ತೆಳ್ಳನೆಯ ಊದುಬತ್ತಿಯ ಬುಡದ ಬಿದಿರುಕಡ್ಡಿ ಹೆಚ್ಚುಕಡಿಮೆ ಅಷ್ಟೇ ದಪ್ಪ! ಆರು ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ ಒಂದು ತುದಿ ಚೂಪು ಮಾಡಿದರೆ ಷೆಲ್. ನಾಲ್ಕು ಮಿಲಿಮೀಟರಿನ ಮೊಂಡು ತುಂಡು ತೋಟೆ, ಅಂದರೆ ಷೆಲ್ಲನ್ನು ಹಾರಿಸುವ ಮದ್ದಿನ ಡಬ್ಬಿ. ಈ ಫಿರಂಗಿಯಲ್ಲಿ ಷೆಲ್ ಮೊದಲು, ತೋಟೆ ಆಮೇಲೆ, ಬೇರೆ ಬೇರೆಯಾಗಿ ತುಂಬುತ್ತಿದ್ದರು. ಆದ್ದರಿಂದ ಒಬ್ಬನ ಕೈಗೆ ಷೆಲ್ಲನ್ನೂ ಅವನ ಹಿಂದಿನವನ ಕೈಗೆ ತೋಟೆಯನ್ನೂ ಕೊಡಿ. ಹಾಗೆ ಮಾಡಿದರೆ ಕೆಲಸದ ಸರದಿ ನೋಡಿದೊಡನೆ ತಿಳಿಯುತ್ತದೆ.

ಬಣ್ಣಕ್ಕೆ ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಗೊಂಬೆಗಳನ್ನು ಚೆನ್ನಾಗಿ ತೊಳೆಯಿರಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲಿನ ಒಂದು ಲೇಪ, ಅದರ ಮೇಲೆ ಅಕ್ರಿಲಿಕ್. ಷೆಲ್ಲಿಗೆ ಮಾಸಲು ಹಳದಿ, ತೋಟೆಗೆ ಹಿತ್ತಾಳೆ ಬಣ್ಣ.

ಎಲ್ಲರನ್ನೂ ಫಿರಂಗಿಯ ಜೊತೆಗೇ ಒಂದು ಹಲಗೆಗೆ ಅಂಟಿಸಬೇಡಿ. ನಮ್ಮ ಆಟದಲ್ಲಿ ತಂಡದ ಬಲ ಇಳಿದಂತೆ ಆಳುಗಳನ್ನು ಎತ್ತಿಡುತ್ತೇವೆ, ಹಾಗಾಗಿ ಪ್ರತಿಯೊಬ್ಬನಿಗೂ ಎರಡು ಮಿಲಿಮೀಟರ್ ದಪ್ಪದ ರಟ್ಟಿನ ಬೇರೆ ಪೀಠ ಬೇಕು. ಮೂರನೆಯವನ ಪೀಠದ ಒಂದು ಬದಿಯನ್ನು ಚಕ್ರಕ್ಕೆ ಹೊಂದುವಂತೆ ಕಮಾನಾಗಿ ಕತ್ತರಿಸಿ. ಇಲ್ಲದಿದ್ದರೆ ಅವನು ಗುರಿದರ್ಶಕದಿಂದ ದೂರವೇ ಉಳಿಯುತ್ತಾನೆ.