ರೇಡಿಯೇಟರ್‌ನಾಗ ಗುಳ್ಳಿ ಬಂದ್ರ ಎಂಜಿನ್ ಹೆಡ್ ಬಿಚ್ಚೋಕಿಂತ ಮೊದ್ಲು ಬ್ರೇಕಿನ ಹವಾದ ಮೀಟರ್ ನೋಡ್ರಿ

ನಾ ಇಂಡಿ ಕಡಿಯವ. ಹದಿನಾಲ್ಕು ವರ್ಷ ಆತು, ಪುಣೆದಾಗ ನಿಗಡಿ ಟ್ರಾನ್ಸ್‌ಪೋರ್ಟ್ ನಗರದಾಗ ಇದ್ದು ಸ್ವಂತ ಗಾಡಿ ನಡಸ್ತೀನಿ. ಹಳೇ ಆರು ಚಕ್ರದ ಗಾಡಿ, ಆರು ಸಿಲಿಂಡರ್, 5.9 ಲೀಟರ್ ಟರ್ಬೋ ಎಂಜಿನ್. ಸೆನ್ಸರ್ ಗಿನ್ಸರ್ ಏನಿಲ್ಲ, ತೊಂದ್ರಿ ಬಂದ್ರ ಕಣ್ಣಿಲೆ ಕಿವಿಲೆ ಹಿಡೀಬೇಕು.

ಚಾಕಣದಿಂದ ಬೆಳಗಾವಿಗಿ ಲೋಡ್ ತಗೊಂಡು ಹೊಂಟಿದ್ದೆ, ಖಂಬಾಟಕಿ ಘಾಟ್ ಏರೋ ಮುಂದ ಟೆಂಪರೇಚರ್ ಮುಳ್ಳು ಒಮ್ಮೆ ಏರೋದು ಒಮ್ಮೆ ಇಳಿಯೋದು ಮಾಡ್ಲಿಕತ್ತಿತು. ಬದಿಗಿ ಹಾಕಿ ನಿಲ್ಸಿ ಪೂರಾ ತಣ್ಣಗ ಆಗೋತನಕ ಕುಂತೆ (ಬಿಸಿ ಇದ್ದಾಗ ಕ್ಯಾಪ್ ಮುಟ್ಟಬ್ಯಾಡ್ರಿ, ಒಳಗ ಒತ್ತಡ ಇರ್ತದ, ನೀರು 100 ಡಿಗ್ರಿ ದಾಟಿದ್ರೂ ಕುದ್ದಿರಂಗಿಲ್ಲ, ಕ್ಯಾಪ್ ಬಿಚ್ಚಿದ ಕೂಡ್ಲೆ ಕುದ್ದು ಮುಖಕ್ಕ ಹಾರ್ತದ, ನಮ್ಮ ಕ್ಲೀನರ್ ಹುಡುಗನ ಕೈ ಹಂಗೇ ಸುಟ್ಟದ). ಆಮ್ಯಾಲ ಕ್ಯಾಪ್ ತಗದು ನೋಡಿದ್ರ ನಾಕೈದು ಲೀಟರ್ ಕೂಲಂಟ್ ಇಲ್ಲ, ಉಳದದ್ದರ ಮ್ಯಾಲ ಕರೀ ಜಿಡ್ಡು, ಬೆರಳಿಗಿ ಹತ್ತಿದ್ರ ಗ್ರೀಸಿನಂಗ ಜಾರ್ತಿತ್ತು.

ಹೆಂಗೋ ಲೋಡ್ ಮುಟ್ಟಿಸಿ ನಿಗಡಿಗಿ ವಾಪಸ್ ಬಂದು ನಮ್ಮ ಮಿಸ್ತ್ರಿ ಮಾಮಾಗ ತೋರಿಸಿದೆ. ಅವರು ಎಂಜಿನ್ ಚಾಲೂ ಮಾಡಿಸಿ ರೇಡಿಯೇಟರ್‌ನಾಗ ಇಣಿಕಿದ್ರು, ಗುಳ್ಳಿ ಬುಳುಬುಳು ಬರ್ಲಿಕತ್ತಿದ್ವು. "ತಮ್ಮಾ, ಹೆಡ್ ಪ್ಯಾಕಿಂಗ್ ಹೋಗ್ಯದ, ಹೆಡ್ ಇಳಸೂಣು" ಅಂದ್ರು (ಹೆಡ್ ಅಂದ್ರ ಸಿಲಿಂಡರ್ ಮ್ಯಾಲಿನ ಮುಚ್ಚಳ, ಪ್ಯಾಕಿಂಗ್ ಅಂದ್ರ ಅದರ ಕೆಳಗಿನ ಗ್ಯಾಸ್ಕೆಟ್, ಅದು ಹೋದ್ರ ಸಿಲಿಂಡರಿನ ಹೊಗಿ ನೀರಿಗಿ ನುಗ್ತದ). ಮಾಮಾ ಅಂದ್ರ ನನಗ ಭಾಳ ಗೌರವ, ಅವರ ಕೈಯಾಗ ನೂರಾರು ಎಂಜಿನ್ ಆಗ್ಯಾವ. ಆದ್ರ ಹೆಡ್ ಇಳಸೋದು ಅಂದ್ರ ಪ್ಲೇನಿಂಗ್ (ಹೆಡ್ ತಳ ಸಪಾಟ ಮಾಡ್ಸೋದು), ಪ್ಯಾಕಿಂಗ್ ಸೆಟ್, ಒಂದು ವಾರ ಗಾಡಿ ನಿಂತು ಕಂತು ತಪ್ಪೋದು. "ಮಾಮಾ, ಎರಡು ದಿನ ತಡೀರಿ, ಒಂದೊಂದಾಗಿ ನೋಡ್ತೀನಿ" ಅಂದೆ.

ಮೊದ್ಲು ಆಯಿಲ್. ರಾತ್ರಿ ಗಾಡಿ ನಿಲ್ಸಿ ಮುಂಜಾನಿ ಚಾಲೂ ಮಾಡೋಕಿಂತ ಮೊದ್ಲೇ ಚೇಂಬರ್ ನಟ್ (ಎಂಜಿನ್ ತಳದಾಗಿನ ಆಯಿಲ್ ಬಿಡೋ ನಟ್) ಒಂದೀಟು ಸಡಿಲ ಮಾಡಿದೆ. ನೀರು ಆಯಿಲ್‌ಗಿಂತ ಭಾರ, ರಾತ್ರಿ ಪೂರಾ ನಿಂತ್ರ ತಳಕ್ಕ ಕುಂತಿರ್ತದ, ನೀರು ಇದ್ರ ಅದೇ ಮೊದ್ಲು ಬರ್ತದ. ಬಂದದ್ದು ಬರೀ ಆಯಿಲ್. ಅದರಾಗಿನ ಎರಡು ಹನಿ ಕಾದ ಹಂಚಿನ ಮ್ಯಾಲ ಬಿಟ್ಟೆ, ನೀರು ಬೆರತಿದ್ರ ಚಿಟಚಿಟ ಅಂತದ, ಇದು ಸುಮ್ಮನ ಹೊಗಿ ಆಡ್ತು ಅಷ್ಟೆ. ಆಯಿಲ್ ಹಾಕೋ ಕ್ಯಾಪ್ ಕೆಳಗ ಬಿಳೀ ಕೆನಿಯಂಗ ಇತ್ತು, ಆದ್ರ ಪುಣೆದ ಮಳಿಗಾಲದಾಗ ಸಣ್ಣ ಸಣ್ಣ ಟ್ರಿಪ್ ಹೊಡೆಯೋ ಗಾಡಿಗಿ ಹಬಿ ಕೂತು ಅಷ್ಟು ಆಗೇ ಆಗ್ತದ, ಅದನ್ನೇ ನೋಡಿ ಹೆದರಬಾರದು.

ಅಂದ್ರ ಆಯಿಲಿನಾಗ ನೀರಿಲ್ಲ, ನೀರಿನಾಗ ಜಿಡ್ಡು ಅದ. ಇಲ್ಲಿ ಆಯಿಲ್ ಕೂಲರ್ (ಕೂಲಂಟ್‌ನಿಂದ ಆಯಿಲ್ ತಣ್ಣಗ ಮಾಡೋ ಭಾಗ) ಮ್ಯಾಲ ಸಂಶಯ ಬಂತು, ಯಾಕಂದ್ರ ಎಂಜಿನ್ ಓಡೋ ಮುಂದ ಆಯಿಲಿನ ಒತ್ತಡ ನೀರಿನ ಒತ್ತಡಕಿಂತ ಭಾಳ ಹೆಚ್ಚು, ಕೂಲರ್ ತೂತ ಬಿದ್ರ ಆಯಿಲೇ ನೀರಿಗಿ ನುಗ್ತದ. ಆದ್ರ ಕೂಲರ್ ಜಿಡ್ಡು ಕೊಡ್ತದ, ಗುಳ್ಳಿ ಎಲ್ಲಿಂದ ಕೊಡ್ತದ? ಈ ಪ್ರಶ್ನೆ ನನಗ ರಾತ್ರಿ ನಿದ್ದಿ ಹತ್ತಗೊಡಲಿಲ್ಲ.

ಮರುದಿನ ಚಿಂಚವಡದ ಒಂದು ಕಾರ್ ಗ್ಯಾರೇಜಿನಿಂದ ನೀಲಿ ನೀರಿನ ಟೆಸ್ಟರ್ ಕೇಳಿ ತಂದೆ. ರೇಡಿಯೇಟರ್ ಬಾಯಿಗಿ ಇಟ್ಟು ಗಾಳಿ ಜಗ್ಗಿದ್ರ, ಸಿಲಿಂಡರಿನ ಹೊಗಿ ಅದರಾಗ ಇದ್ರ ನೀಲಿ ಹೋಗಿ ಹಸರು, ಹಳದಿ ಆಗ್ತದ. ನಂದು ನೀಲಿ ನೀಲಿನೇ ಉಳೀತು. ಗುಳ್ಳಿ ಬರ್ತಾವ, ಆದ್ರ ಅದು ಹೊಗಿ ಅಲ್ಲ, ಬರೀ ಗಾಳಿ. ಗಾಡಿಯಾಗ ಗಾಳಿ ಮಾಡೋದು ಯಾವುದ್ರಿ? ಬ್ರೇಕಿನ ಹವಾ ಟ್ಯಾಂಕಿಗಿ ಗಾಳಿ ತುಂಬೋ ಕಂಪ್ರೆಸರ್! ಅದರ ಹೆಡ್ ತಣ್ಣಗ ಇಡೋದೂ ಎಂಜಿನ್ನಿನ ಇದೇ ಕೂಲಂಟ್, ಅದಕ್ಕ ಆಯಿಲೂ ಎಂಜಿನ್ನಿಂದನೇ ಹೋಗ್ತದ.

ಚಕ್ರಕ್ಕ ಕಲ್ಲು ಕೊಟ್ಟು, ಹವಾ ಟ್ಯಾಂಕ್ ಪೂರಾ ಖಾಲಿ ಮಾಡಿ, ತಣ್ಣಗಿನ ಎಂಜಿನ್‌ಗಿ ರೇಡಿಯೇಟರ್ ಬಾಯಿತನಕ ತುಂಬಿ ಚಾಲೂ ಮಾಡಿದೆ. ಹುಡುಗನ್ನ ಕ್ಯಾಬಿನ್‌ನಾಗ ಹವಾದ ಮೀಟರ್ ಮುಂದ ಕುಂದ್ರಿಸಿ "ನಂಬರ್ ಒದರ್ಲಿಕ್ಕ ಇರು" ಅಂದೆ. ಮೂರು ಅಂದಾಗ ಗುಳ್ಳಿ ಸಣ್ಣಗ ಸುರು ಆದ್ವು, ಐದು ಆರಕ್ಕ ಜೋರಾದ್ವು, ಎಂಟರ ಹತ್ರ ಅನ್ಲೋಡರ್ (ಟ್ಯಾಂಕ್ ತುಂಬಿದ ಮ್ಯಾಲ ಕಂಪ್ರೆಸರ್ ಗಾಳಿ ತುಂಬೋದು ನಿಲ್ಸೋ ವಾಲ್ವ್) ಫುಸ್ಸ್ ಅಂತು, ಗುಳ್ಳಿ ಒಮ್ಮಿಗೇ ನಿಂತ್ವು. ಎಂಜಿನ್ ಓಡ್ಲಿಕತ್ತೇ ಅದ, ರೇಸ್ ಕೊಟ್ರೂ ಒಂದು ಗುಳ್ಳಿ ಇಲ್ಲ. ಬ್ರೇಕ್ ನಾಕು ಸಲ ತುಳಿಸಿ ಹವಾ ಇಳಿಸಿದೆ, ಕಂಪ್ರೆಸರ್ ಮತ್ತ ಕೆಲಸಕ್ಕ ಹತ್ತಿತು, ಮತ್ತ ಗುಳ್ಳಿ. ಮಾಮಾನ್ನ ಕರದು ಮೂರು ಸಲ ತೋರಿಸಿದೆ. ಹೆಡ್ ಪ್ಯಾಕಿಂಗ್ ಹೋಗಿದ್ರ ಗುಳ್ಳಿಗಿ ಹವಾದ ಮೀಟರಿನ ಜೋಡಿ ಏನ್ ಸಂಬಂಧ, ಎಂಜಿನ್ ಓಡೋತನಕ ಬರ್ತಿದ್ವು, ರೇಸ್ ಕೊಟ್ರ ಹೆಚ್ಚಾಗ್ತಿದ್ವು.

ಆವಾಗ ಇನ್ನೊಂದು ನೆನಪಾತು: ಸಪಾಟ ಹೈವೇದಾಗ ಕೂಲಂಟ್ ಅಷ್ಟು ಕಮ್ಮಿ ಆಗ್ತಿರಲಿಲ್ಲ, ವಾಕಡದಿಂದ ಕಾತ್ರಜ್ ತನಕ ಬೈಪಾಸ್ ಟ್ರಾಫಿಕ್‌ನಾಗ ಹೆಜ್ಜಿಗೊಂದು ಬ್ರೇಕ್ ಹಾಕಿದ ದಿನನೇ ಭಾಳ ಕಮ್ಮಿ ಆಗ್ತಿತ್ತು. ಅವತ್ತೇ ತಿಳೀಬೇಕಿತ್ತು.

ಕಂಪ್ರೆಸರ್ ಹೆಡ್ ಬಿಚ್ಚೋದು ಅರ್ಧ ತಾಸಿನ ಕೆಲಸ. ಗಾಳಿ ದಾರಿಗೂ ನೀರಿನ ದಾರಿಗೂ ನಡಬರಕ ಪ್ಯಾಕಿಂಗ್ ಸುಟ್ಟು ಬೆರಳಗಲ ಹೋಗಿತ್ತು. ಆದ್ರ ಪ್ಯಾಕಿಂಗ್ ಬದಲಿಸಿ ಮುಚ್ಚಿದ್ರ ಮತ್ತ ಸುಡ್ತಿತ್ತು, ಯಾಕಂದ್ರ ಟ್ಯಾಂಕಿಗಿ ಹೋಗೋ ಡೆಲಿವರಿ ಪೈಪ್ ಬಿಚ್ಚಿ ನೋಡಿದ್ರ ಒಳಗ ಕಾರ್ಬನ್ ಕಟ್ಟಿ ಪೆನ್ಸಿಲ್ ತೂರೋ ಅಷ್ಟೇ ಜಾಗ ಉಳದಿತ್ತು. ಕಂಪ್ರೆಸರ್ ಪಿಸ್ಟನ್ನಿನ ರಿಂಗ್ ಸವದಾವ, ಆಯಿಲ್ ಮ್ಯಾಲ ಬಂದದ, ಬಿಸಿಗಿ ಸುಟ್ಟು ಪೈಪ್ ಕಟ್ಯದ, ಗಾಳಿ ಹೋಗ್ಲಿಕ್ಕ ದಾರಿ ಇಲ್ದ ಹೆಡ್ ಇನ್ನೂ ಕಾದದ. ಆ ಕರೀ ಜಿಡ್ಡೂ ಅಲ್ಲಿಂದನೇ. ರಿಂಗ್, ಪ್ಯಾಕಿಂಗ್, ಪೈಪ್ ಮೂರೂ ಹೊಸಾವು ಹಾಕಿದ್ವಿ, ಹೆಡ್ ಸಪಾಟ ಅದನೋ ಇಲ್ಲೋ ಸ್ಕೇಲ್ ಇಟ್ಟು ಫಿಲ್ಲರ್ ಗೇಜಿಲೆ (ಸಂದು ಅಳೆಯೋ ತೆಳು ಪಟ್ಟಿ) ನೋಡಿದ್ವಿ.

ತೊಳೆಯೋದೇ ಭಾಳ ತ್ರಾಸ ಆತು. ನೊರಿ ಕಮ್ಮಿ ಬರೋ ವಾಷಿಂಗ್ ಮಷಿನ್ ಪುಡಿ ಬಿಸಿನೀರಿನಾಗ ಕಲಿಸಿ ಹಾಕಿ, ಥರ್ಮೋಸ್ಟಾಟ್ ತೆರೆಯೋತನಕ ಎಂಜಿನ್ ಓಡಿಸಿ, ಕೈಗಿ ತಡಕೊಳ್ಳೋ ಅಷ್ಟು ಆರಿದ ಮ್ಯಾಲ ಬೆಚ್ಚಗ ಇರೋವಾಗಲೇ ಹೊರಗ ಬಿಟ್ಟೆ, ಹಿಂಗ ಮೂರು ಸಲ, ಆಮ್ಯಾಲ ಎರಡು ಸಲ ಬರೀ ನೀರು. ಆಯಿಲ್ ಕುಡದು ಉಬ್ಬಿ ಮೆತ್ತಗಾದ ಹೋಸ್ ಪೈಪ್ ಎರಡೂ ಬದಲಿಸಿದೆ. ಬೋರಿನ ನೀರು ಹಾಕದೇ ಡಿಸ್ಟಿಲ್ಡ್ ವಾಟರ್ ತಂದು ಅರ್ಧಕ್ಕರ್ಧ ಕೂಲಂಟ್ ಕಲಿಸಿ ತುಂಬಿದೆ.

ಮೊದಲನೇ ವಾರ ಇನ್ನೂ ತೆಳು ಜಿಡ್ಡು ಮ್ಯಾಲ ಬರ್ತಿತ್ತು, ದಿನಾ ಮುಂಜಾನಿ ತಣ್ಣಗಿದ್ದಾಗ ಹತ್ತಿಲೆ ಒರೆಸಿ ತಗದೆ. ಎರಡನೇ ವಾರ ಅದೂ ನಿಂತ್ತು. ಮೊನ್ನಿ ಲೋಡ್ ಹಾಕ್ಕೊಂಡು ಖಂಬಾಟಕಿ ಏರಿದೆ, ಮುಳ್ಳು ಅಲುಗಲಿಲ್ಲ.