ಶುಗರ್ ರೋಗಿಯ ಮುಂದಿನ ತಾರೀಖು

ಉಡುಪಿ ಕರಾವಳಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯೆ. ಶುಗರ್ ಪತ್ತೆ ಮಾಡುವುದು ನಮಗೆ ಅಷ್ಟು ಕಷ್ಟವಲ್ಲ. 30 ದಾಟಿದವರನ್ನು ಆಶಾ ಅಕ್ಕಂದಿರು ಮನೆಮನೆಯಿಂದ ಕಳಿಸುತ್ತಾರೆ. ಗ್ಲುಕೋಮೀಟರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ಪುಕ್ಕಟೆ. ಕಷ್ಟ ಇರುವುದು ಆಮೇಲೆ. ಎರಡು ಸಲ ಬಂದವರು ಮತ್ತೆ ಮುಖ ತೋರಿಸುವುದಿಲ್ಲ. ಬರುವವರಿಗೂ ಶುಗರ್ ಇಳಿಯದಿದ್ದರೂ ಅದೇ ಹಳೇ ಮಾತ್ರೆ.

ಭಾರತ ಮತ್ತು ಪಾಕಿಸ್ತಾನದ 10 ಕ್ಲಿನಿಕ್‌ಗಳಲ್ಲಿ ನಡೆದ ಕಾರ್ಸ್ ಎಂಬ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ಗುಂಪಿನ ರೋಗಿಗಳ ಬೆನ್ನು ಹಿಡಿಯಲೆಂದೇ ವೈದ್ಯರಲ್ಲದ ಒಬ್ಬರಿದ್ದರು. ಔಷಧಿ ಯಾವಾಗ ಬದಲಿಸಬೇಕೆಂದು ಕಂಪ್ಯೂಟರ್ ವೈದ್ಯರಿಗೆ ನೆನಪಿಸುತ್ತಿತ್ತು. ಶುಗರ್ ಜೊತೆಗೆ ಬಿಪಿ ಅಥವಾ ಕೊಲೆಸ್ಟ್ರಾಲ್ ಕೂಡ ಹಿಡಿತಕ್ಕೆ ಬಂದವರು ಮಾಮೂಲಿ ಚಿಕಿತ್ಸೆಯ ಗುಂಪಿಗಿಂತ ಆ ಗುಂಪಿನಲ್ಲಿ ದುಪ್ಪಟ್ಟು. ಅವು ಪೇಟೆಯ ದೊಡ್ಡ ಕ್ಲಿನಿಕ್‌ಗಳು, ನಿಜ. ಆದರೆ ಆ ಎರಡು ಕೆಲಸಕ್ಕೆ ನಮಗೆ ಒಂದು ರಿಜಿಸ್ಟರ್ ಸಾಕು ಅನಿಸಿತು.

ರಿಜಿಸ್ಟರ್ ನಮ್ಮ ಸ್ಟಾಫ್ ನರ್ಸ್ ಕೈಯಲ್ಲಿದೆ. ಪ್ರತಿ ಹೆಸರಿನ ಮುಂದೆ ಬರಬೇಕಾದ ತಾರೀಖು. ಬಾರದವರ ಹೆಸರು ವಾರದ ಕೊನೆಗೆ ಆ ವಾರ್ಡಿನ ಆಶಾಗೆ ಹೋಗುತ್ತದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಶೇ. 7ಕ್ಕಿಂತ ಮೇಲಿದ್ದರೆ ನಾನು ಔಷಧಿ ಹೆಚ್ಚಿಸಬೇಕು, ಇಲ್ಲವೇ ಯಾಕೆ ಹೆಚ್ಚಿಸಲಿಲ್ಲ ಎಂದು ಅಲ್ಲೇ ಬರೆಯಬೇಕು. ತುಂಬಾ ವಯಸ್ಸಾದವರಿಗೆ, ಶುಗರ್ ಕುಸಿಯುವ ಭಯ ಇರುವವರಿಗೆ 8ರ ಹತ್ತಿರ ಇದ್ದರೂ ಸರಿ. "ಇರಲಿ, ಮುಂದಿನ ತಿಂಗಳು ನೋಡುವ" ಎಂಬ ಮಾತು ಈ ಸಾಲು ಬಂದ ಮೇಲೆ ಎಷ್ಟೋ ಕಡಿಮೆಯಾಗಿದೆ.

ತಾರೀಖು ಕೊಡುವುದರಲ್ಲೇ ಅರ್ಧ ಚಿಕಿತ್ಸೆ ಇದೆ. ಬೀಡಿ ಕಟ್ಟುವ ಹೆಂಗಸರಿಗೆ ಒಂದು ಬೆಳಗ್ಗೆ ಹೋದರೆ ಅಷ್ಟು ಸಂಪಾದನೆ ಹೋಯಿತು. ಹಾಗಾಗಿ ಅವರು ಬೀಡಿ ಕೊಡಲು ಪೇಟೆಗೆ ಬರುವ ದಿನವನ್ನೇ ಬರೆಯುತ್ತೇವೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವವರ ಕಥೆ ಬೇರೆ. "ಬೋಟಲ್ಲಿದ್ದೆ ಡಾಕ್ಟ್ರೆ, ಎಲ್ಲಿಂದ ಬರುವುದು?" ಅನ್ನುತ್ತಾರೆ, ನ್ಯಾಯವೇ ಅಲ್ವಾ? ಅವರಿಗೆ ಮಾತ್ರೆ ಜಾಸ್ತಿ ದಿನಕ್ಕೆ ಕೊಡುತ್ತೇವೆ. ಕಣ್ಣು, ಮೂತ್ರ, ಪಾದದ ಪರೀಕ್ಷೆಯನ್ನೆಲ್ಲ ಜೂನ್, ಜುಲೈಗೆ ಇಟ್ಟುಕೊಳ್ಳುತ್ತೇವೆ. ಆಗ ಮೀನುಗಾರಿಕೆಗೆ ನಿಷೇಧ, ಎಲ್ಲರೂ ಊರಲ್ಲೇ ಸಿಗುತ್ತಾರೆ.

ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ನೋಡುವ ಪರೀಕ್ಷೆಗೆ ಬೇಕಾಗುವುದು ಒಂದು ನೈಲಾನ್ ಎಳೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ, ಹೆಬ್ಬೆರಳಿನ ಅಡಿಗೆ ಒತ್ತಿ, "ತಾಗಿತಾ ಅಣ್ಣ?" ಎಂದು ಕೇಳುತ್ತೇನೆ. ಒಬ್ಬರು ಎಳೆ ಪೂರ್ತಿ ಬಾಗಿದ ಮೇಲೂ "ಶುರು ಮಾಡಿ ಡಾಕ್ಟ್ರೆ" ಅಂದರು. ಅವರ ಹಿಮ್ಮಡಿಯ ಬಿರುಕಿನಲ್ಲಿ ಮೀನಿನ ಮುಳ್ಳೊಂದು ಮುರಿದು ಕೂತಿತ್ತು, ಸುತ್ತ ಕೀವು. ಅವರಿಗೆ ನೋವೇ ಇರಲಿಲ್ಲ. ಅಂಥವರಿಗೆ ಬರಿಗಾಲಲ್ಲಿ ನಡೆಯಬೇಡಿ, ದಿನಾ ರಾತ್ರಿ ಪಾದವನ್ನು ಹೆಂಡತಿಗೋ ಮಕ್ಕಳಿಗೋ ತೋರಿಸಿ ಎಂದು ಹೇಳುತ್ತೇವೆ.

ಊಟದ ಬಗ್ಗೆ ನನ್ನದು ಸರಳ ಮಾತು. ಕುಚ್ಚಲಕ್ಕಿ ಗಂಜಿ ಬಿಡುವುದು ಬೇಡ, ಅಳತೆ ಇರಲಿ. ಬೂತಾಯಿ ಮೀನು ಹುರಿಯುವ ಬದಲು ಸಾರು ಮಾಡಿ. ಬಸಳೆ, ಹುರುಳಿ ಜಾಸ್ತಿ ಇರಲಿ.

ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಬೋಟಿನಲ್ಲಿ ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಅವರ ಚೀಲದಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು. ಈಗ ಬೋಟು ನಡೆಸುವ ತಾಂಡೇಲರಿಗೂ ಹೇಳಿಕೊಡುತ್ತಿದ್ದೇವೆ: ಬೆವರು, ಕೈನಡುಕ ಕಂಡರೆ, ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಿ, ಆಮೇಲೆ ಊಟ ಕೊಡಿ.