ವಿಭಾಗದ ಮುಖ್ಯಸ್ಥರ ಮೇಲೆ ದೂರು ಬರೆಯುವುದು ಹೇಗೆ?

ಕಳೆದ ತಿಂಗಳು ಧಾರವಾಡದ ನಮ್ಮ ಮನೆಗೆ ಐದು ಜನ ಪ್ರಾಧ್ಯಾಪಕರು ಬಂದಿದ್ದರು. ಕೈಯಲ್ಲಿ ಆರು ಪುಟದ ಮನವಿ. ಮೊದಲ ಸಾಲಿನಲ್ಲೇ ‘ಸರ್ವಾಧಿಕಾರಿ’, ಎರಡನೇ ಪುಟದಲ್ಲಿ ‘ಹಿಟ್ಲರ್’. ಆರೂ ಪುಟ ತಿರುವಿ ಹಾಕಿದೆ. ಕೊನೆಗೆ ಹಾಕಿದ್ದ ದಿನಾಂಕ ಬಿಟ್ಟರೆ ಇನ್ನೊಂದು ತಾರೀಖು ಎಲ್ಲೂ ಇರಲಿಲ್ಲ!

ನಾನು ಮೂವತ್ತು ವರ್ಷ ಪಾಠ ಮಾಡಿದವನು, ನಡುವೆ ಎರಡು ವರ್ಷ ಮುಖ್ಯಸ್ಥನೂ ಆಗಿದ್ದವನು. ದೂರು ಬರೆದೂ ಗೊತ್ತು, ಬರೆಸಿಕೊಂಡೂ ಗೊತ್ತು. ಇಂಥ ಆರು ಪುಟ ಎಲ್ಲಿಗೆ ಹೋಗುತ್ತವೆ ಅನ್ನೋದೂ ಗೊತ್ತು. ಕಪಾಟಿನ ಕೆಳಗಿನ ಖಾನೆಗೆ.

ಮೊದಲು ಕಾಗದ ಕೂಡಿಸಿ. ಸಭೆಯ ಸೂಚನೆ, ಕಾರ್ಯಸೂಚಿ, ನಡಾವಳಿ (ಸಭೆಯಲ್ಲಿ ಏನಾಯಿತು ಅಂತ ಬರೆದಿಟ್ಟ ದಾಖಲೆ), ವೇಳಾಪಟ್ಟಿ. ಇಷ್ಟು ಸಾಕು. ಕೇಳಿದರೆ ಕೊಡಲಿಲ್ಲವೇ? ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮರೆತು ಪುರಾಣ ಬರೆದು ಅರ್ಜಿ ವಾಪಸ್ ಬರಿಸಿಕೊಂಡವರನ್ನು ನೋಡಿದ್ದೇನೆ.

ಆಮೇಲೆ ಜರಡಿ ಹಿಡಿಯಿರಿ. ‘ನಮಸ್ಕಾರ ಮಾಡಿದರೆ ತಿರುಗಿ ನೋಡಲ್ಲ’ ಅನ್ನೋದು ನೋವಿನ ಮಾತೇ, ಆದರೆ ದೂರಲ್ಲ. ಪಠ್ಯಕ್ರಮದ ತಕರಾರು ಅಧ್ಯಯನ ಮಂಡಳಿಗೆ ಹೋಗಬೇಕು. ಲೈಂಗಿಕ ಕಿರುಕುಳದ ವಿಷಯವನ್ನು ಇದರ ಜೊತೆ ಕಲಸಲೇಬೇಡಿ. ಅದಕ್ಕೆ 2013ರ ಕಾಯ್ದೆಯ ಪ್ರಕಾರ ಆಂತರಿಕ ದೂರು ಸಮಿತಿ ಇದೆ. ಅಲ್ಲಿಗೆ ಮೂರು ತಿಂಗಳೊಳಗೆ ಹೋಗಬೇಕು.

ಈಗ ಬರೆಯುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಆ ಐವರ ಮನವಿಯಲ್ಲಿ ಹೀಗಿತ್ತು: ‘ಮುಖ್ಯಸ್ಥರು ಯಾರನ್ನೂ ಕೇಳದೆ ಮನಬಂದಂತೆ ನಿರ್ಧಾರ ತೆಗೆದುಕೊಳ್ಳುತ್ತಾರೆ.’ ಯಾವ ನಿರ್ಧಾರ? ಒಂದು ತಾಸು ಕೂತು ಕೆದಕಿದ ಮೇಲೆ ವಿಷಯ ಹೊರಬಂತು. ಅತಿಥಿ ಉಪನ್ಯಾಸಕರಿಗೆ ಪತ್ರಿಕೆ, ಅಂದರೆ ಪಾಠ ಮಾಡುವ ವಿಷಯ, ಹಂಚುವ ಸಭೆಯ ಸೂಚನೆ ಬಂದದ್ದು ಹಿಂದಿನ ದಿನ ರಾತ್ರಿ ಹತ್ತು ಗಂಟೆಗೆ, ವಾಟ್ಸಾಪ್‌ನಲ್ಲಿ. ಕಾರ್ಯಸೂಚಿಯಲ್ಲಿ ಆ ವಿಷಯವೇ ಇರಲಿಲ್ಲ. ಬಂದವರು ಮೂವರು. ನಡಾವಳಿಯಲ್ಲಿ ಮಾತ್ರ ‘ಸರ್ವಾನುಮತದಿಂದ’ ಅಂತ ಬರೆದಿತ್ತು.

ಅಲ್ರೀ, ಇಷ್ಟು ಗಟ್ಟಿ ಸರಕು ಇಟ್ಟುಕೊಂಡು ಹಿಟ್ಲರ್ ಯಾಕೆ ಬೇಕಿತ್ತು?

ಅದನ್ನೇ ನಾಲ್ಕು ಸಾಲಿನಲ್ಲಿ ಬರೆಸಿದೆ. ಯಾವತ್ತು, ಏನಾಯಿತು, ಯಾವ ಪದ್ಧತಿ ತಪ್ಪಿತು, ನಮಗೇನು ಬೇಕು. ಪ್ರತಿ ಘಟನೆಗೂ ಈ ನಾಲ್ಕೇ. ಕೆಲಸದ ಹೊರೆಯ ಮಾತಿದ್ದರೆ ‘ವಿಪರೀತ ಹೊರೆ’ ಅನ್ನಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ಪಾಠ ಅಂತಿದೆ. ‘ನನಗೆ 22 ಗಂಟೆ, ವೇಳಾಪಟ್ಟಿ ಲಗತ್ತಿಸಿದೆ’ ಅಂತ ಬರೆದರೆ ಓದುವವರು ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ.

ಕೊನೆಯ ಬೇಡಿಕೆ ಕೈಗೆಟುಕುವಂತಿರಲಿ. ‘ಕೂಡಲೇ ಕೆಳಗಿಳಿಸಿ’ ಅಂದರೆ ಯಾರೂ ಇಳಿಸಲ್ಲ. ‘ತಿಂಗಳಿಗೊಂದು ಸಭೆ, ಮೂರು ದಿನ ಮುಂಚೆ ಬರವಣಿಗೆಯಲ್ಲಿ ಸೂಚನೆ, ವಾರದೊಳಗೆ ನಡಾವಳಿ’ ಅಂತ ಕೇಳಿ. ಇದಕ್ಕೆ ಇಲ್ಲ ಅನ್ನುವುದು ಕಷ್ಟ. ಇನ್ನೊಂದು ವಿಷಯ. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಈ ಕುರ್ಚಿ ಸರದಿಯ ಮೇಲೆ ಬರುತ್ತದೆ. ನಾಳೆ ನೀವೇ ಅಲ್ಲಿ ಕೂರಬಹುದು. ಆಗ ನಿಮಗೂ ಒಪ್ಪಿಗೆ ಆಗುವಂಥದ್ದನ್ನೇ ಇವತ್ತು ಕೇಳಿ.

ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯ ಸಿದ್ಧ ಮಾದರಿ ಬೇಡವೇ ಬೇಡ. ‘ತಮ್ಮ ದಿವ್ಯ ಸನ್ನಿಧಿಗೆ’ ಅಂತ ಶುರುವಾಗಿ ಜಮೀನಿನ ವ್ಯಾಜ್ಯದ ಹಾಗೆ ಮುಗಿಯುತ್ತದೆ. ಮೊಬೈಲ್ ಆ್ಯಪ್ ಬರೆದುಕೊಡುವ ಪತ್ರವೂ ಅಷ್ಟೇ, ಓದೋಕೆ ನಯ, ಒಳಗೆ ಪೊಳ್ಳು. ಮೂಗರ್ಜಿಯ ಮಾತಂತೂ ಎತ್ತಬೇಡಿ. ಹೆಸರಿಲ್ಲದ ದೂರು ಬಂದ ದಿನ ಇಡೀ ಕಾಲೇಜು ಬರೆದವರನ್ನು ಹುಡುಕುತ್ತದೆ. ಬರೆದದ್ದನ್ನು ಯಾರೂ ಓದಲ್ಲ.

ನಡಾವಳಿ ಪುಸ್ತಕದ ಬಗ್ಗೆ ಒಂದು ಮಾತು. ಬೆಲ್ ಹೊಡೆದಿರುತ್ತದೆ, ಕೈಯಲ್ಲಿ ಹಾಜರಿ ಪುಸ್ತಕ, ಬಾಗಿಲಲ್ಲಿ ಸಿಪಾಯಿ. ‘ಸರ್ರ, ಇಲ್ಲೊಂದು ಸಹಿ ಮಾಡ್ರಿ.’ ನಿಂತಲ್ಲೇ ಮಾಡಿಬಿಡುತ್ತೀರಿ. ನಾನೂ ಹೀಗೇ ಮಾಡಿದ್ದೆ. ಆ ಸಭೆ ‘ನಡೆದ’ ದಿನ ನಾನು ಪರೀಕ್ಷೆಯ ಕೆಲಸಕ್ಕೆ ಗದಗಿಗೆ ಹೋಗಿದ್ದೆ! ಮುಂದೆ ಅದೇ ಸಭೆಯ ಬಗ್ಗೆ ದೂರು ಕೊಟ್ಟಾಗ ಮೇಲಿನವರು ಪುಸ್ತಕ ತಿರುಗಿಸಿ ನನ್ನ ಸಹಿ ತೋರಿಸಿದರು. ಬಾಯಿ ಕಟ್ಟಿತು. ಹಾಗಾಗಿ ಓದಿ ಸಹಿ ಮಾಡಿ. ಒಪ್ಪಿಗೆ ಇಲ್ಲದಿದ್ದರೆ ಸಹಿಯ ಮೇಲೆ ‘3ನೇ ವಿಷಯಕ್ಕೆ ನನ್ನ ಅಸಮ್ಮತಿ ಇದೆ’ ಅಂತ ಬರೆದು, ದಿನಾಂಕ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಗೊತ್ತುವಳಿಯ ಕೊನೆಯ ಸಾಲಿಗೂ ಸಹಿಗೂ ನಡುವೆ ಖಾಲಿ ಜಾಗ ಇದ್ದರೆ ಗೆರೆ ಎಳೆಯಿರಿ. ಆ ಜಾಗದಲ್ಲಿ ಆಮೇಲೆ ಏನೇನೋ ಮೊಳೆಯುತ್ತದೆ.

ಮನವಿಗೆ ಸಹಿ ಹಾಕಿಸುವಾಗ ಬೇರೆ ಖಾಲಿ ಹಾಳೆ ಬಳಸಬೇಡಿ. ಮನವಿಯ ಕೊನೆಯ ನಾಲ್ಕು ಸಾಲಾದರೂ ಸಹಿಗಳ ಪುಟದಲ್ಲೇ ಇರಬೇಕು. ಇಲ್ಲದಿದ್ದರೆ ‘ಯಾವುದಕ್ಕೋ ಸಹಿ ತಗೊಂಡಿದ್ದರು ಸರ್’ ಅಂತ ಒಬ್ಬರು ಜಾರಿಕೊಳ್ಳುತ್ತಾರೆ. ಹನ್ನೆರಡು ಅರೆಮನಸ್ಸಿನ ಸಹಿಗಿಂತ ಐದು ಗಟ್ಟಿ ಸಹಿ ವಾಸಿ. ಕಾಯಂ ಆಗದ ಕಿರಿಯರನ್ನು, ಅತಿಥಿ ಉಪನ್ಯಾಸಕರನ್ನು ಒತ್ತಾಯ ಮಾಡಬೇಡಿ. ಅವರ ಹೊಟ್ಟೆಪಾಡಿನ ಪ್ರಶ್ನೆ, ಅಲ್ವಾ?

ಕೊಡುವುದು ಸುಲಭ. ಕಾಲೇಜಾದರೆ ಪ್ರಾಚಾರ್ಯರಿಗೆ, ವಿಶ್ವವಿದ್ಯಾಲಯವಾದರೆ ಕುಲಸಚಿವರಿಗೆ. ಇಲ್ಲಿ ಆಡಳಿತದ ಕುಲಸಚಿವರು ಬೇರೆ, ಮೌಲ್ಯಮಾಪನದವರು ಬೇರೆ, ನೋಡಿ ಕೊಡಿ. ‘ಮುಖ್ಯಸ್ಥರ ಮೂಲಕವೇ ಬರಬೇಕು’ ಅಂತ ಗುಮಾಸ್ತರು ತಡೆದರೆ ಒಂದು ಪ್ರತಿ ಮುಖ್ಯಸ್ಥರಿಗೆ ಕೊಟ್ಟು, ಅಡ್ವಾನ್ಸ್ ಕಾಪಿಯನ್ನು, ಅಂದರೆ ಮುಂಗಡ ಪ್ರತಿಯನ್ನು, ನೇರವಾಗಿ ಮೇಲಿನವರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಹಾಕುವ ನಂಬರು), ದಿನಾಂಕ, ಮೊಹರು ಮೂರೂ ಬೀಳುವ ತನಕ ಕೌಂಟರ್ ಬಿಟ್ಟು ಕದಲಬೇಡಿ. ‘ಸಾಹೇಬ್ರು ನೋಡ್ತಾರ, ನೀವು ಹೋಗ್ರಿ’ ಅಂದರೂ ಸರಿ.

ಹೈಕೋರ್ಟ್ ಪೀಠ 2008ರಿಂದ ಧಾರವಾಡದಲ್ಲೇ ಇರುವುದರಿಂದ ಸೀದಾ ಅಲ್ಲಿಗೇ ಹೋಗೋಣ ಅನ್ನುವ ಉತ್ಸಾಹಿಗಳಿದ್ದಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, ಕೆಳಗಿನವರಿಗೆ ಬರೆದು ಕೊಟ್ಟಿರಾ ಅನ್ನೋದೇ. ತಿಂಗಳು ಕಾಯಿರಿ. ಉತ್ತರ ಬರದಿದ್ದರೆ ಅದೇ ಆವಕ ಸಂಖ್ಯೆ ಹಾಕಿ ಎರಡು ಸಾಲಿನ ನೆನಪೋಲೆ ಕೊಡಿ. ಅದಕ್ಕೂ ಮೊಹರು ಹಾಕಿಸಿಕೊಳ್ಳಿ.